ಹಾಲು-ಬೆಣ್ಣೆ ಸೋಕದ ಚನ್ನಾ ಮಸಾಲ: ಕಾಳು ನೆನೆಸುವುದರಿಂದ ಎಣ್ಣೆ ಬಿಡುವವರೆಗೆ

ಚನ್ನಾ ಮಸಾಲ ಕೈಕೊಡುವುದು ಹೆಚ್ಚಾಗಿ ಎರಡೇ ಕಡೆ. ಒಂದೋ ಕಾಳು ಹೊರಗೆ ಬೆಂದಂತೆ ಕಂಡು, ಕಚ್ಚಿದರೆ ಒಳಗೆ ಹಿಟ್ಟುಹಿಟ್ಟಾಗಿರುತ್ತದೆ. ಇಲ್ಲವೇ ತಟ್ಟೆಗೆ ಬಡಿಸಿದಾಗ ಕಾಳು ಒಂದು ಕಡೆ ನಿಂತು ನೀರು ಇನ್ನೊಂದು ಕಡೆ ಹರಿಯುತ್ತದೆ. ಆಗ ಮಸಾಲೆ ಪುಡಿಯನ್ನು ದೂರುವವರೇ ಜಾಸ್ತಿ. ಪುಡಿ ಬದಲಿಸಿ ನೋಡಿದರೂ ಗತಿ ಅದೇ. ಎಡವಟ್ಟು ಆಗಿರುವುದು ಕ್ರಮದಲ್ಲಿ: ಕಾಳು ಬೇಯುವ ಮೊದಲೇ ಹುಳಿ ಬಿದ್ದಿರುತ್ತದೆ, ಅಥವಾ ಟೊಮೆಟೊದ ನೀರು ಆರುವ ಮೊದಲೇ ಕಾಳು ಬಿದ್ದಿರುತ್ತದೆ.

ತುಪ್ಪ, ಬೆಣ್ಣೆ, ಕ್ರೀಮ್ ಹಾಕುವ ಅಡುಗೆಯಲ್ಲಿ ಈ ತಪ್ಪುಗಳು ಅರ್ಧ ಮುಚ್ಚಿಹೋಗುತ್ತವೆ. ವೀಗನ್ ಚನ್ನಾದಲ್ಲಿ, ಎಂದರೆ ಹಾಲು-ತುಪ್ಪ ಸೇರಿ ಪ್ರಾಣಿಮೂಲದ ಏನನ್ನೂ ಹಾಕದ ಚನ್ನಾದಲ್ಲಿ, ಆ ಆಸರೆ ಇಲ್ಲ. ಮಂದವೂ ಹೊಳಪೂ ಕಾಳು, ಈರುಳ್ಳಿ, ಎಣ್ಣೆಯಿಂದಲೇ ಬರಬೇಕು. ಹಾಗಾಗಿ ಇಲ್ಲಿ ಪ್ರತಿ ಹಂತದಲ್ಲೂ ಎಷ್ಟು ನಿಮಿಷ ಎನ್ನುವುದರ ಜೊತೆಗೆ ಯಾವ ಗುರುತು ಕಂಡ ಮೇಲೆ ಮುಂದಕ್ಕೆ ಹೋಗಬೇಕು ಎನ್ನುವುದೂ ಇದೆ. ನಿಮಿಷಕ್ಕೂ ಗುರುತಿಗೂ ತಾಳೆಯಾಗದಿದ್ದರೆ ಗುರುತನ್ನೇ ನಂಬಿ.

## ಏನೇನು ಬೇಕು (4 ಜನಕ್ಕೆ)

ಕಾಳಿಗೆ:
- ಕಾಬೂಲ್ ಕಡಲೆ 1 ಕಪ್ (ಸುಮಾರು 200 ಗ್ರಾಂ)
- ಉಪ್ಪು: ನೆನೆಸಲು 1 ದೊಡ್ಡ ಚಮಚ, ಬೇಯಿಸಲು 1 ಸಣ್ಣ ಚಮಚ
- ಅಡುಗೆ ಸೋಡಾ ಒಂದು ಚಿಟಿಕೆ (ಎಲ್ಲರಿಗೂ ಬೇಕಿಲ್ಲ, ಹಂತ 2 ನೋಡಿ)
- ಪಲಾವ್ ಎಲೆ 1, ಕರಿ ಏಲಕ್ಕಿ 1, ಚಕ್ಕೆ ಒಂದು ಇಂಚು
- ಟೀ ಪುಡಿ 1 ಸಣ್ಣ ಚಮಚ, ಬಟ್ಟೆಯಲ್ಲಿ ಕಟ್ಟಿದ್ದು (ಬಣ್ಣಕ್ಕೆ ಮಾತ್ರ)

ಮಸಾಲೆಗೆ:
- ಎಣ್ಣೆ 4 ದೊಡ್ಡ ಚಮಚ (ಮೂರು ಬಾಡಿಸಲು, ಒಂದು ಕೊನೆಯ ಒಗ್ಗರಣೆಗೆ)
- ಜೀರಿಗೆ 1 ಸಣ್ಣ ಚಮಚ, ಇಂಗು ಚಿಟಿಕೆ
- ಈರುಳ್ಳಿ 2 ಮಧ್ಯಮ ಗಾತ್ರದ್ದು (ಸುಮಾರು 200 ಗ್ರಾಂ), ಸಣ್ಣಗೆ ಹೆಚ್ಚಿದ್ದು
- ಶುಂಠಿ ಬೆಳ್ಳುಳ್ಳಿ ಪೇಸ್ಟ್ 1 ದೊಡ್ಡ ಚಮಚ
- ಮಾಗಿದ ಟೊಮೆಟೊ 3 (ಸುಮಾರು 300 ಗ್ರಾಂ), ರುಬ್ಬಿದ್ದು
- ಅರಿಶಿನ ಕಾಲು ಚಮಚ, ಅಚ್ಚಖಾರದ ಪುಡಿ 1 ಸಣ್ಣ ಚಮಚ, ಧನಿಯಾ ಪುಡಿ 2 ಸಣ್ಣ ಚಮಚ, ಹುರಿದ ಜೀರಿಗೆ ಪುಡಿ 1 ಸಣ್ಣ ಚಮಚ, ಗರಂ ಮಸಾಲ ಮುಕ್ಕಾಲು ಚಮಚ
- ಆಮ್ಚೂರ್ (ಒಣ ಮಾವಿನಕಾಯಿ ಪುಡಿ) 1 ಸಣ್ಣ ಚಮಚ, ಕಸೂರಿ ಮೇಥಿ (ಒಣಗಿಸಿದ ಮೆಂತ್ಯ ಸೊಪ್ಪು) 1 ಸಣ್ಣ ಚಮಚ
- ಹಸಿಮೆಣಸಿನಕಾಯಿ 2, ಉದ್ದಕ್ಕೆ ಸೀಳಿದ ಶುಂಠಿ ಒಂದು ಇಂಚು, ಕೊನೆಯ ಒಗ್ಗರಣೆಗೆ ಬ್ಯಾಡಗಿ ಮೆಣಸಿನ ಪುಡಿ ಕಾಲು ಚಮಚ, ಕೊತ್ತಂಬರಿ ಸೊಪ್ಪು

ಸಾಮಾನಿನಲ್ಲಿ 3 ಲೀಟರ್ ಇಲ್ಲವೇ 5 ಲೀಟರ್ ಕುಕ್ಕರ್, ದಪ್ಪ ತಳದ ಬಾಣಲೆ, ಒಗ್ಗರಣೆ ಸೌಟು, ಮಿಕ್ಸಿ ಸಾಕು. ತೆಳು ಬಾಣಲೆಯಲ್ಲಿ ಈರುಳ್ಳಿ ಒಂದು ಕಡೆ ಸೀದು ಇನ್ನೊಂದು ಕಡೆ ಹಸಿಯಾಗಿ ಉಳಿಯುತ್ತದೆ. ದಪ್ಪ ಬಾಣಲೆ ಇಲ್ಲದಿದ್ದರೆ ಮಸಾಲೆಯನ್ನೂ ಕುಕ್ಕರ್‌ನಲ್ಲೇ ಬಾಡಿಸಿ, ಅದರ ತಳ ದಪ್ಪ ಇರುತ್ತದೆ.

## ಹಂತ 1: ಕಾಳನ್ನು ಆರಿಸಿ ನೆನೆಸುವುದು

ಹಳೇ ಕಾಳು ಎಷ್ಟು ಬೇಯಿಸಿದರೂ ಪೂರ್ತಿ ಮೆತ್ತಗಾಗುವುದಿಲ್ಲ. ಬಿಸಿ, ತೇವ ಇರುವ ಕಡೆ ಬಹುಕಾಲ ಇಟ್ಟ ಕಾಳಿನ ಒಳರಚನೆಯೇ ಗಡುಸಾಗಿಬಿಡುತ್ತದೆ. ಸಿಪ್ಪೆ ಕಂದಿದ, ಅತಿಯಾಗಿ ಸುಕ್ಕುಗಟ್ಟಿದ, ಹುಳು ಕೊರೆದ ತೂತಿರುವ ಕಾಳನ್ನು ತೆಗೆದುಹಾಕಿ. ಡಬ್ಬಿಯ ತಳದಲ್ಲಿ ಉಳಿದ ಹಳೇ ಕಾಳಿನ ಮೇಲೆ ಹೊಸದನ್ನು ಸುರಿಯುವ ಅಭ್ಯಾಸವಿದ್ದರೆ ಬಿಡಿ. ಎರಡೂ ಬೇರೆ ಬೇರೆ ಹೊತ್ತಿಗೆ ಬೇಯುವುದರಿಂದ ಒಂದೇ ಕುಕ್ಕರ್‌ನಲ್ಲಿ ಅರ್ಧ ಕಾಳು ಮುದ್ದೆ, ಅರ್ಧ ಕಾಳು ಕಲ್ಲು.

ಮೂರು ಸಲ ತೊಳೆದು, 1 ಲೀಟರ್ ನೀರಿಗೆ 1 ದೊಡ್ಡ ಚಮಚ ಉಪ್ಪು ಕದಡಿ, ಅದರಲ್ಲಿ 8ರಿಂದ 12 ಗಂಟೆ ನೆನೆಸಿ. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಎಂಬ ಮಾತು ಬಹಳ ಮನೆಗಳಲ್ಲಿದೆ. ನಡೆಯುವುದು ಇದಕ್ಕೆ ವಿರುದ್ಧ. ಸಿಪ್ಪೆಯನ್ನು ಬಿಗಿಯಾಗಿ ಹಿಡಿದಿರುವುದು ಪೆಕ್ಟಿನ್ ಎಂಬ ಅಂಟಿನಂಥ ವಸ್ತು, ಅದಕ್ಕೆ ಬಿಗಿ ಕೊಡುವುದು ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ. ಉಪ್ಪಿನ ಸೋಡಿಯಂ ಸ್ವಲ್ಪ ಮಟ್ಟಿಗೆ ಅವುಗಳ ಜಾಗ ಹಿಡಿದು ಸಿಪ್ಪೆಯನ್ನು ಸಡಿಲ ಮಾಡುತ್ತದೆ. ಒಳಗಿನ ತಿರುಳಿಗೂ ಆಗಲೇ ಒಂದಿಷ್ಟು ರುಚಿ ಇಳಿದಿರುತ್ತದೆ.

ನೆನೆದಿದೆಯೇ ಎಂದು ತಿಳಿಯಲು ಒಂದು ಕಾಳನ್ನು ಚಾಕುವಿನಿಂದ ಅರ್ಧ ಮಾಡಿ. ಕತ್ತರಿಸಿದ ಮುಖ ಅಂಚಿನಿಂದ ನಡುವಿನವರೆಗೆ ಒಂದೇ ಬಣ್ಣ ಇರಬೇಕು. ಮಧ್ಯದಲ್ಲಿ ಬಿಳಿಯ ಒಣ ಚುಕ್ಕೆ ಕಂಡರೆ ಇನ್ನೂ ಎರಡು ಗಂಟೆ ಬಿಡಿ. ಕಾಳು ಹೆಚ್ಚುಕಡಿಮೆ ಎರಡು ಪಟ್ಟು ತೂಕಕ್ಕೆ ಊದುತ್ತದೆ, ಆದ್ದರಿಂದ ಪಾತ್ರೆ ದೊಡ್ಡದಿರಲಿ. ನೀರಿನಿಂದ ಮೇಲೆದ್ದ ಕಾಳು ನೆನೆಯುವುದಿಲ್ಲ.

ಬೇಸಿಗೆಯಲ್ಲಿ ರಾತ್ರಿಯಿಡೀ ಹೊರಗಿಟ್ಟರೆ ನೀರು ನೊರೆಗಟ್ಟಿ ಹುಳಿ ವಾಸನೆ ಬರಬಹುದು. ಒಂದೆರಡು ಗಂಟೆ ನೆನೆದ ಮೇಲೆ ಪಾತ್ರೆಯನ್ನು ಫ್ರಿಡ್ಜ್‌ಗೆ ಇಡಿ. ಬೆರಳಿಗೆ ಲೋಳೆ ತಾಗಿದರೆ ಆ ಕಾಳನ್ನು ಎಸೆಯುವುದೇ ಸರಿ.

ನೆನೆಸಲು ಮರೆತಿದ್ದರೆ: ತೊಳೆದ ಕಾಳನ್ನು ಧಾರಾಳ ನೀರಿನಲ್ಲಿ 2 ನಿಮಿಷ ಕೊತಕೊತ ಕುದಿಸಿ, ಒಲೆ ಆರಿಸಿ, ಮುಚ್ಚಿ 1 ಗಂಟೆ ಬಿಡಿ. ರಾತ್ರಿ ನೆನೆಸಿದಷ್ಟು ಸಮನಾಗಿ ಬೇಯದು, ಕೆಲಸವಂತೂ ಆಗುತ್ತದೆ.

## ಹಂತ 2: ಕುಕ್ಕರ್‌ನಲ್ಲಿ ಬೇಯಿಸುವುದು

ನೆನೆಸಿದ ನೀರು ಚೆಲ್ಲಿ, ಕಾಳನ್ನು ಮತ್ತೊಮ್ಮೆ ತೊಳೆದು ಕುಕ್ಕರ್‌ಗೆ ಹಾಕಿ. 3 ಕಪ್ ಹೊಸ ನೀರು, 1 ಸಣ್ಣ ಚಮಚ ಉಪ್ಪು, ಪಲಾವ್ ಎಲೆ, ಕರಿ ಏಲಕ್ಕಿ, ಚಕ್ಕೆ, ಬೇಕಿದ್ದರೆ ಟೀ ಪುಡಿಯ ಗಂಟು ಸೇರಿಸಿ. ಟೀ ಪುಡಿ ಕಾಳಿಗೆ ಕಂದು ಬಣ್ಣ ಕೊಡುತ್ತದೆ, ಬೇರೇನೂ ಇಲ್ಲ. ಗಂಟು ಸಡಿಲವಾಗಿ ಪುಡಿ ಹೊರಗೆ ಬಂದರೆ ಆರಿಸಿ ತೆಗೆಯಲಾಗದು, ಎರಡು ಗಂಟು ಬಿಗಿಯಾಗಿ ಹಾಕಿ.

ಇಲ್ಲಿ ಟೊಮೆಟೊ, ಹುಣಸೆ, ನಿಂಬೆ, ಆಮ್ಚೂರ್ ಯಾವುದೂ ಬೇಡ. ಎಲ್ಲವನ್ನೂ ಒಟ್ಟಿಗೆ ಕುಕ್ಕರ್‌ಗೆ ಸುರಿದು ಕೂಗಿಸುವ ವಿಧಾನ ಕಾಬೂಲ್ ಕಡಲೆಗೆ ಹೊಂದುವುದಿಲ್ಲ. ಹುಳಿಯ ನೀರಿನಲ್ಲಿ ಪೆಕ್ಟಿನ್ ಕರಗುವುದು ತೀರಾ ನಿಧಾನ, ಆದ್ದರಿಂದ ಅಲ್ಲಿ ಕಾಳು ಎಷ್ಟು ಹೊತ್ತು ಕೂತರೂ ಬಿಗಿಯಾಗಿಯೇ ಇರುತ್ತದೆ. ಮೊದಲು ಕಾಳು ಮೆತ್ತಗಾಗಲಿ, ಹುಳಿ ಆಮೇಲೆ ಬರಲಿ.

ಸೋಡಾ ಬೇಕೇ ಬೇಡವೇ? ಒಳ್ಳೆಯ ಹೊಸ ಕಾಳು, ಮೆದು ನೀರು ಇದ್ದರೆ ಬೇಡ. ಬೋರ್‌ವೆಲ್‌ನ ಗಡಸು ನೀರಿದ್ದರೆ ಅದರಲ್ಲಿರುವ ಕ್ಯಾಲ್ಸಿಯಂ ಕಾಳನ್ನು ಮತ್ತೆ ಬಿಗಿ ಮಾಡುತ್ತದೆ. ಸಾಧ್ಯವಾದರೆ ನೆನೆಸಲೂ ಬೇಯಿಸಲೂ ಫಿಲ್ಟರ್ ನೀರು ಬಳಸಿ, ಆಗದಿದ್ದರೆ ಕುಕ್ಕರ್‌ಗೆ ಚಿಟಿಕೆ ಸೋಡಾ ಹಾಕಿ. ಚಿಟಿಕೆ ಎಂದರೆ ಸಣ್ಣ ಚಮಚದ ಎಂಟನೇ ಒಂದು ಭಾಗ, ಅಷ್ಟೇ. ಅರ್ಧ ಚಮಚ ಹಾಕಿದರೆ ಸಿಪ್ಪೆ ಕಳಚಿ, ಕಾಳು ಹಿಂಡಿದ ಹಾಗಾಗಿ, ಸೋಪಿನಂಥ ರುಚಿ ನಾಲಿಗೆಗೆ ಅಂಟುತ್ತದೆ. ಆ ರುಚಿಯನ್ನು ಯಾವ ಮಸಾಲೆಯೂ ಮುಚ್ಚುವುದಿಲ್ಲ. ಅಲ್ಯೂಮಿನಿಯಂ ಕುಕ್ಕರ್ ಆದರೆ ಸೋಡಾದಿಂದ ಒಳಮೈ ಕಪ್ಪಾಗುತ್ತದೆ ಎಂಬುದೂ ನೆನಪಿರಲಿ.

ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಕಡಲೆ ನೊರೆ ಎಬ್ಬಿಸುತ್ತದೆ, ಸಡಿಲವಾದ ಸಿಪ್ಪೆ ಹಾರಿ ಆವಿ ಹೋಗುವ ನಳಿಕೆಗೆ ಸಿಕ್ಕಿಕೊಳ್ಳಬಹುದು. ಮುಚ್ಚಳ ಹಾಕುವ ಮುನ್ನ ನಳಿಕೆಯನ್ನು ಬೆಳಕಿಗೆ ಹಿಡಿದು ಆಚೆ ಬದಿ ಕಾಣುತ್ತದೆಯೇ ನೋಡಿ.

ಜೋರು ಉರಿಯಲ್ಲಿ ಮೊದಲ ಕೂಗು ಬಂದ ಮೇಲೆ ಉರಿ ಪೂರ್ತಿ ಸಣ್ಣ ಮಾಡಿ, 20ರಿಂದ 25 ನಿಮಿಷ ಇಡಿ. ಕೂಗು ಎಣಿಸಬೇಡಿ. ಉರಿ ಜೋರಾಗಿದ್ದರೆ ಆರು ಕೂಗು ಹತ್ತು ನಿಮಿಷದಲ್ಲೇ ಮುಗಿಯುತ್ತವೆ, ಸಣ್ಣದಿದ್ದರೆ ಅರ್ಧ ಗಂಟೆಯಲ್ಲಿ ಎರಡೇ ಬರಬಹುದು. ಕಾಳು ಬೇಯುವುದು ಒತ್ತಡದಲ್ಲಿ ಕಳೆದ ಹೊತ್ತಿನಿಂದ. ಮುಚ್ಚಳದ ಅಂಚಿನಿಂದ ಆವಿ ಸೋರುತ್ತಾ ಕೂಗೇ ಬರದಿದ್ದರೆ ಗ್ಯಾಸ್ಕೆಟ್ ಸಡಿಲಾಗಿದೆ. ಹಾಗೇ ಮುಂದುವರಿಸಿದರೆ ನೀರು ಬತ್ತಿ ತಳ ಹಿಡಿಯುತ್ತದೆ.

ಒಲೆ ಆರಿಸಿ ಒತ್ತಡ ತಾನಾಗಿ ಇಳಿಯಲು ಬಿಡಿ. ವೆಯ್ಟ್ ಎತ್ತಿ ಆವಿಯನ್ನು ಒಮ್ಮೆಲೇ ಹೊರಬಿಟ್ಟರೆ ಒಳಗಿನ ನೀರು ಭೋರ್ಗರೆದು ಕಾಳಿನ ಸಿಪ್ಪೆ ಸೀಳುತ್ತದೆ, ಬಿಸಿ ನೊರೆ ಕೈಮೇಲೆ ಹಾರುವ ಅಪಾಯವೂ ಇದೆ.

ಮುಚ್ಚಳ ತೆಗೆದು ಬೇರೆ ಬೇರೆ ಕಡೆಯಿಂದ ಐದು ಕಾಳು ತೆಗೆದುಕೊಂಡು ಹೆಬ್ಬೆರಳು-ತೋರುಬೆರಳ ನಡುವೆ ಒತ್ತಿ. ಐದೂ ಬೆಣ್ಣೆಹಣ್ಣಿನ ತಿರುಳಿನಂತೆ ಸದ್ದಿಲ್ಲದೆ ಚಪ್ಪಟೆಯಾಗಬೇಕು. ಒಂದೇ ಒಂದು ಕಾಳು ಎರಡು ಬೇಳೆಯಾಗಿ ಸಿಡಿದರೂ ಮತ್ತೆ ಮುಚ್ಚಿ 8-10 ನಿಮಿಷ ಕೂಗಿಸಿ. ‘ಹೇಗೂ ಗ್ರೇವಿಯಲ್ಲಿ ಕುದಿಯುತ್ತದಲ್ಲ’ ಎಂದು ಮುಂದಕ್ಕೆ ಹೋದವರ ಕಾಳು ಗ್ರೇವಿಯಲ್ಲಿ ಬೆಂದ ಉದಾಹರಣೆ ಇಲ್ಲ. ಅಲ್ಲಿ ಟೊಮೆಟೊ ಕಾದು ಕೂತಿರುತ್ತದೆ.

ಬೆಂದ ನೀರನ್ನು ಚೆಲ್ಲಬೇಡಿ. ಗ್ರೇವಿಗೆ ಮಂದ ಬರುವುದು ಅದರಿಂದಲೇ.

## ಹಂತ 3: ಈರುಳ್ಳಿ

ಕುಕ್ಕರ್ ತಣಿಯುವಷ್ಟರಲ್ಲಿ ಇದನ್ನು ಶುರು ಮಾಡಬಹುದು. ಬಾಣಲೆಯಲ್ಲಿ 3 ದೊಡ್ಡ ಚಮಚ ಎಣ್ಣೆ ಕಾಯಿಸಿ. ಒಂದು ಜೀರಿಗೆ ಕಾಳು ಹಾಕಿದ ತಕ್ಷಣ ಸುತ್ತ ಗುಳ್ಳೆ ಎದ್ದರೆ ಉಳಿದ ಜೀರಿಗೆ, ಇಂಗು ಹಾಕಿ. ಜೀರಿಗೆ ಒಂದು ಛಾಯೆ ಗಾಢವಾಗುತ್ತಿದ್ದಂತೆ ಈರುಳ್ಳಿ ಮತ್ತು ಚಿಟಿಕೆ ಉಪ್ಪು.

ಮಧ್ಯಮ ಉರಿಯಲ್ಲಿ 12ರಿಂದ 15 ನಿಮಿಷ. ಇದನ್ನು ಐದು ನಿಮಿಷಕ್ಕೆ ಮುಗಿಸುವುದೇ ಹೋಟೆಲ್ ರುಚಿ ಮನೆಯಲ್ಲಿ ಬಾರದಿರಲು ದೊಡ್ಡ ಕಾರಣ. ಮೊದಲ ನಾಲ್ಕು ನಿಮಿಷ ಈರುಳ್ಳಿ ನೀರು ಬಿಡುತ್ತದೆ, ಸದ್ದು ಮೆಲುವಾಗಿರುತ್ತದೆ, ತುಂಡುಗಳು ಪಾರದರ್ಶಕವಾಗುತ್ತವೆ. ಬಹಳ ಜನ ಇಲ್ಲೇ ನಿಲ್ಲಿಸುತ್ತಾರೆ. ನಿಲ್ಲಿಸಬೇಡಿ. ಎಂಟನೇ ನಿಮಿಷದ ಹೊತ್ತಿಗೆ ನೀರು ಆರಿ ಚಟಪಟ ಸದ್ದು ಏರುತ್ತದೆ, ಅಂಚುಗಳು ಹೊಂಬಣ್ಣಕ್ಕೆ ತಿರುಗುತ್ತವೆ. ಅಲ್ಲಿಂದ ಸೌಟು ಬಿಡದೆ ತಿರುಗಿಸುತ್ತಾ, ತಿಳಿ ಬೆಲ್ಲದ ಬಣ್ಣ ಬರುವವರೆಗೆ ಹುರಿಯಿರಿ. ತಳ ಹಿಡಿಯುತ್ತಿದ್ದರೆ ಒಂದು ಚಮಚ ನೀರು ಚಿಮುಕಿಸಿ ಕೆರೆದುಕೊಳ್ಳಿ. ಆ ಕಂದು ಪದರವೇ ರುಚಿ. ಅದು ಕಪ್ಪಾಗಿದ್ದರೆ ಮಾತ್ರ ಕೆರೆಯದೆ, ಮೇಲಿನದ್ದನ್ನು ಬೇರೆ ಪಾತ್ರೆಗೆ ವರ್ಗಾಯಿಸಿ.

ಸಮಯ ಉಳಿಸಲು ಹಸಿ ಈರುಳ್ಳಿಯನ್ನು ರುಬ್ಬಿ ಹಾಕುವವರಿದ್ದಾರೆ. ರುಬ್ಬಿದರೆ ಘಾಟು ಹೆಚ್ಚು, ಸರಿಯಾಗಿ ಬೇಯದಿದ್ದರೆ ಕಹಿಯೂ ಉಳಿಯುತ್ತದೆ, ನೀರು ಆರಲು ಇನ್ನೂ ಹೊತ್ತು ಬೇಕು. ನಯವಾದ ಗ್ರೇವಿಯೇ ಬೇಕೆಂದರೆ ಹುರಿದ ಮೇಲೆ ರುಬ್ಬಿ.

ಈಗ ಶುಂಠಿ ಬೆಳ್ಳುಳ್ಳಿ ಪೇಸ್ಟ್. ಉರಿ ತಗ್ಗಿಸಿ ಒಂದೂವರೆ ನಿಮಿಷ, ಹಸಿ ವಾಸನೆ ಹೋಗುವವರೆಗೆ.

## ಹಂತ 4: ಪುಡಿ, ಟೊಮೆಟೊ, ಎಣ್ಣೆ ಬಿಡುವ ಗುರುತು

ಅರಿಶಿನ, ಅಚ್ಚಖಾರದ ಪುಡಿ, ಧನಿಯಾ, ಜೀರಿಗೆ ಪುಡಿಗಳನ್ನು ಒಂದು ಬಟ್ಟಲಲ್ಲಿ 3 ದೊಡ್ಡ ಚಮಚ ನೀರಿನೊಂದಿಗೆ ಕಲಸಿಟ್ಟುಕೊಳ್ಳಿ. ಒಣ ಪುಡಿಯನ್ನು ಕಾದ ಎಣ್ಣೆಗೆ ನೇರ ಹಾಕಿದರೆ ಸೀಯಲು ಅರ್ಧ ನಿಮಿಷ ಬೇಡ, ಖಾರದ ಪುಡಿಯಂತೂ ಕಣ್ಣೆದುರೇ ಕರ್ರಗಾಗುತ್ತದೆ. ಕಲಸಿದ ಮಸಾಲೆ ಹಾಕಿ, ಅದರ ನೀರು ಆರಿ ಘಮ ಏಳುವವರೆಗೆ, ಎಂದರೆ ಸುಮಾರು 1 ನಿಮಿಷ, ತಿರುಗಿಸಿ. ಗರಂ ಮಸಾಲವನ್ನು ಇಲ್ಲಿ ಹಾಕಬೇಡಿ, ಅದರ ಪರಿಮಳ ಕೊನೆಯವರೆಗೆ ಉಳಿಯುವುದಿಲ್ಲ.

ರುಬ್ಬಿದ ಟೊಮೆಟೊ ಸೇರಿಸಿ. ಮೊದಲು ಚಿಮ್ಮುತ್ತದೆ, ಅರ್ಧ ಮುಚ್ಚಿಡಿ. ಮೂರು ನಿಮಿಷದ ಮೇಲೆ ಮುಚ್ಚಳ ತೆಗೆದು 8-10 ನಿಮಿಷ ಬಾಡಿಸಿ. ಈ ಹಂತದಲ್ಲಿ ಕಣ್ಣಿಗಿಂತ ಕಿವಿ ಚುರುಕು. ನೀರು ಇರುವಾಗ ಗ್ರೇವಿ ‘ಗುಳುಗುಳು’ ಅನ್ನುತ್ತದೆ, ನೀರು ಆರಿ ಮಸಾಲೆ ಎಣ್ಣೆಯಲ್ಲಿ ಹುರಿಯತೊಡಗಿದಾಗ ಸದ್ದು ‘ಚುರ್‌’ ಎಂದು ಬದಲಾಗುತ್ತದೆ. ಆಗ ಸೌಟಿನಿಂದ ನಡುವೆ ಒಂದು ದಾರಿ ಎಳೆಯಿರಿ. ದಾರಿ ಮುಚ್ಚಿಕೊಳ್ಳದೆ ನಿಂತು, ಅಂಚಿನಲ್ಲಿ ಕೆಂಪು ಎಣ್ಣೆ ಒಸರಿದರೆ ಮಸಾಲೆ ತಯಾರು.

ಎಣ್ಣೆ ಬಿಡುತ್ತಲೇ ಇಲ್ಲ ಎನ್ನುವವರು ಎರಡು ವಿಷಯ ನೋಡಿಕೊಳ್ಳಿ: ಎಣ್ಣೆ ಎರಡು ಚಮಚಕ್ಕಿಂತ ಕಡಿಮೆ ಹಾಕಿದ್ದೀರಾ, ಮಿಕ್ಸಿ ತೊಳೆದ ನೀರನ್ನು ಈಗಲೇ ಸುರಿದಿದ್ದೀರಾ? ಎಣ್ಣೆ ಕಡಿಮೆ ಹಾಕಿದ್ದರೆ ಒಸರುವುದನ್ನು ಕಾಯುತ್ತಾ ಕೂರಬೇಡಿ, ದಾರಿ ನಿಲ್ಲುತ್ತದೆಯೇ ಎಂಬುದನ್ನಷ್ಟೇ ನೋಡಿ. ತೊಳೆದ ನೀರನ್ನು ಎತ್ತಿಟ್ಟು ಮುಂದಿನ ಹಂತದಲ್ಲಿ ಹಾಕಿ.

## ಹಂತ 5: ಕಾಳು ಸೇರಿಸಿ ಕುದಿಸುವುದು

ಪಲಾವ್ ಎಲೆ, ಚಕ್ಕೆ, ಕರಿ ಏಲಕ್ಕಿ, ಟೀ ಗಂಟು ತೆಗೆದುಹಾಕಿ. ಬೆಂದ ಕಾಳಿನಲ್ಲಿ ಅರ್ಧ ಕಪ್‌ನಷ್ಟನ್ನು ಸೌಟಿನ ಹಿಂಬದಿಯಿಂದ ನುಣ್ಣಗೆ ಮಸೆಯಿರಿ. ಕ್ರೀಮ್ ಮಾಡುವ ಕೆಲಸವನ್ನು ಇಲ್ಲಿ ಮಾಡುವುದು ಈ ಅರ್ಧ ಕಪ್. ಅದರ ಪಿಷ್ಟ ನೀರನ್ನೂ ಎಣ್ಣೆಯನ್ನೂ ಹಿಡಿದಿಡುತ್ತದೆ. ಗೋಡಂಬಿ ಪೇಸ್ಟ್, ತೆಂಗಿನ ಹಾಲು ಹಾಕಬಾರದೆಂದೇನಿಲ್ಲ, ಆದರೆ ಗೋಡಂಬಿ ಖಾರ-ಹುಳಿಯನ್ನು ಮಂಕು ಮಾಡುತ್ತದೆ, ತೆಂಗಿನ ಹಾಲು ಅಡುಗೆಯನ್ನೇ ಬೇರೆ ಮಾಡಿಬಿಡುತ್ತದೆ. ಹಾಕುವುದಾದರೆ 8 ಗೋಡಂಬಿಗಿಂತ ಹೆಚ್ಚು ಬೇಡ.

ಮಸೆದದ್ದು, ಇಡೀ ಕಾಳು, ಬೆಂದ ನೀರಿನಲ್ಲಿ ಒಂದೂವರೆ ಕಪ್ ಬಾಣಲೆಗೆ ಹಾಕಿ. ನೀರು ಸಾಲದಿದ್ದರೆ ಬಿಸಿ ನೀರನ್ನೇ ಸೇರಿಸಿ, ತಣ್ಣೀರು ಕುದಿಯನ್ನು ನಿಲ್ಲಿಸುತ್ತದೆ. ಒಂದು ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ, ಅರ್ಧ ಮುಚ್ಚಿ 15-20 ನಿಮಿಷ ಬಿಡಿ. ಐದು ನಿಮಿಷಕ್ಕೊಮ್ಮೆ ತಳ ಕೆರೆಯಿರಿ, ಮಸೆದ ಕಾಳು ತಳಕ್ಕೆ ಇಳಿದು ಹಿಡಿಯುತ್ತದೆ.

ಉಪ್ಪು ಈಗ ನೋಡಿ. ನೆನೆಸುವಾಗ, ಬೇಯಿಸುವಾಗ, ಈರುಳ್ಳಿಗೆ ಮೂರು ಸಲ ಉಪ್ಪು ಬಿದ್ದಿದೆ. ರುಚಿ ನೋಡದೆ ಒಂದು ಚಮಚ ಹಾಕಿದರೆ ಕೆಟ್ಟಿತು.

ಒಲೆ ಆರಿಸುವಾಗ ಗ್ರೇವಿ ನಿಮಗೆ ಬೇಕಾದ್ದಕ್ಕಿಂತ ಸ್ವಲ್ಪ ತೆಳು ಇರಬೇಕು. ತಣಿಯುತ್ತಾ ಪಿಷ್ಟ ಬಿಗಿಯುತ್ತದೆ. ಒಲೆಯ ಮೇಲೇ ಸರಿಯಾದ ಹದಕ್ಕೆ ತಂದರೆ ಊಟದ ಹೊತ್ತಿಗೆ ಪಲ್ಯ ಆಗಿರುತ್ತದೆ.

## ಹಂತ 6: ಹುಳಿ ಮತ್ತು ಕೊನೆಯ ಒಗ್ಗರಣೆ

ಇಳಿಸುವ ಐದು ನಿಮಿಷ ಮುಂಚೆ ಆಮ್ಚೂರ್, ಗರಂ ಮಸಾಲ, ಅಂಗೈಯಲ್ಲಿ ಉಜ್ಜಿ ಪುಡಿ ಮಾಡಿದ ಕಸೂರಿ ಮೇಥಿ ಹಾಕಿ. ಆಮ್ಚೂರನ್ನು ಮೊದಲು ಅರ್ಧ ಚಮಚ ಹಾಕಿ ರುಚಿ ನೋಡಿ, ಟೊಮೆಟೊ ಹುಳಿ ಒಂದೊಂದು ಸಲ ಒಂದೊಂದು ಥರ.

ತುಪ್ಪದ ಒಗ್ಗರಣೆಯ ಜಾಗ ತುಂಬುವುದು ಹೀಗೆ: ಒಗ್ಗರಣೆ ಸೌಟಿನಲ್ಲಿ 1 ದೊಡ್ಡ ಚಮಚ ಎಣ್ಣೆ ಕಾಯಿಸಿ, ಸೀಳಿದ ಶುಂಠಿ, ಹಸಿಮೆಣಸಿನಕಾಯಿ ಹಾಕಿ ಶುಂಠಿಯ ಅಂಚು ಕೆಂಪಾಗುವವರೆಗೆ ಹುರಿಯಿರಿ. ಒಲೆಯಿಂದ ಕೆಳಗಿಳಿಸಿ ಹತ್ತು ಎಣಿಸಿ, ಆಮೇಲೆ ಕಾಲು ಚಮಚ ಬ್ಯಾಡಗಿ ಮೆಣಸಿನ ಪುಡಿ ಹಾಕಿ ಕೂಡಲೇ ಚನ್ನಾ ಮೇಲೆ ಸುರಿಯಿರಿ. ಸಾಸಿವೆ ಎಣ್ಣೆ ಬಳಸುವುದಾದರೆ ತೆಳು ಹೊಗೆ ಏಳುವವರೆಗೆ ಕಾಯಿಸಿ, ಘಾಟು ಇಳಿಸಿಕೊಂಡ ಮೇಲೆ ಶುಂಠಿ ಹಾಕಿ.

ಕೊತ್ತಂಬರಿ ಸೊಪ್ಪು ಉದುರಿಸಿ, ಮುಚ್ಚಿ, ಕನಿಷ್ಠ 20 ನಿಮಿಷ ಬಿಟ್ಟು ಬಡಿಸಿ. ಆಗಷ್ಟೇ ಇಳಿಸಿದ ಚನ್ನಾದಲ್ಲಿ ಗ್ರೇವಿಯ ರುಚಿ ಗ್ರೇವಿಯಲ್ಲೇ ಇರುತ್ತದೆ, ಕಾಳಿಗೆ ಇಳಿದಿರುವುದಿಲ್ಲ.

## ಹಾಲಿನ ಅಂಶ ನುಸುಳುವ ಜಾಗಗಳು

ಅಡುಗೆಯಲ್ಲಿ ಹಾಕದಿದ್ದರೂ ಪಕ್ಕದಲ್ಲಿ ಬಡಿಸುವುದರಲ್ಲಿ ಬರುತ್ತದೆ. ಭಟೂರೆ ಹಿಟ್ಟಿಗೆ ಸಾಮಾನ್ಯವಾಗಿ ಮೊಸರು ಹಾಕುತ್ತಾರೆ, ನಾನ್‌ಗೆ ಮೊಸರು ಅಥವಾ ಹಾಲು, ಮೇಲೆ ಬೆಣ್ಣೆ. ಎಣ್ಣೆಯಲ್ಲಿ ಕರಿದ ಪೂರಿ, ತುಪ್ಪ ಸವರದ ಚಪಾತಿ, ಅನ್ನ ಸರಿ. ಕೆಲವು ರೆಡಿ ಗ್ರೇವಿ ಮಿಕ್ಸ್‌ಗಳಲ್ಲಿ ಹಾಲಿನ ಪುಡಿ ಇರುತ್ತದೆ, ಪ್ಯಾಕೆಟ್ ಹಿಂದಿನ ಪದಾರ್ಥಗಳ ಪಟ್ಟಿ ಓದಿ. ಹಸಿರು ಚುಕ್ಕೆ ನೋಡಿ ಸಮಾಧಾನಪಡಬೇಡಿ: ಅದು ಸಸ್ಯಾಹಾರದ ಗುರುತು, ಹಾಲು, ತುಪ್ಪ, ಜೇನು ಇರುವ ಪ್ಯಾಕೆಟ್ ಮೇಲೂ ಅದೇ ಇರುತ್ತದೆ.

## ಕೆಟ್ಟರೆ ಏನು ಮಾಡಬಹುದು

ಗ್ರೇವಿಗೆ ಹಾಕಿದ ಮೇಲೆ ಕಾಳು ಗಟ್ಟಿ ಎಂದು ಗೊತ್ತಾದರೆ: ಕಾಳನ್ನು ಜರಡಿಯಲ್ಲಿ ಬಸಿದು, ಬಿಸಿ ನೀರಲ್ಲಿ ತೊಳೆದು, ಹೊಸ ನೀರು ಮತ್ತು ಚಿಟಿಕೆ ಸೋಡಾದೊಂದಿಗೆ 10-15 ನಿಮಿಷ ಕೂಗಿಸಿ ಮತ್ತೆ ಸೇರಿಸಿ. ಗ್ರೇವಿ ಸಮೇತ ಕೂಗಿಸಿದರೆ ಹೊತ್ತು ಹಿಡಿಯುತ್ತದೆ, ತಳವೂ ಹಿಡಿಯುತ್ತದೆ.

ನೀರು-ಕಾಳು ಬೇರೆ ಬೇರೆ ನಿಂತರೆ: ಇನ್ನೊಂದು ಸೌಟು ಕಾಳು ಮಸೆದು ಹತ್ತು ನಿಮಿಷ ಮುಚ್ಚಳವಿಲ್ಲದೆ ಕುದಿಸಿ. ಕಾರ್ನ್‌ಫ್ಲೋರ್ ಹಾಕಿದರೆ ಗ್ರೇವಿ ಅಂಟಂಟಾಗುತ್ತದೆ.

ಉಪ್ಪು ಹೆಚ್ಚಾದರೆ: ಆಲೂಗಡ್ಡೆ ಹಾಕಿ ತೆಗೆದರೆ ಅದು ಉಪ್ಪು ನೀರನ್ನು ಕುಡಿಯುತ್ತದೆಯೇ ಹೊರತು ಉಳಿದದ್ದರ ಉಪ್ಪು ಇಳಿಯುವುದಿಲ್ಲ. ಉಪ್ಪಿಲ್ಲದೆ ಬೇಯಿಸಿದ ಕಾಳೋ ಟೊಮೆಟೊವೋ ಸೇರಿಸಿ ಪ್ರಮಾಣ ಹೆಚ್ಚಿಸಿ.

ಹುಳಿ ಹೆಚ್ಚಾದರೆ ಅರ್ಧ ಚಮಚ ಬೆಲ್ಲ. ಕಹಿ ಬಂದರೆ ಯಾವುದೋ ಸೀದಿದೆ: ಜೀರಿಗೆ, ಬೆಳ್ಳುಳ್ಳಿ ಅಥವಾ ಪುಡಿ. ಇದಕ್ಕೆ ಪರಿಹಾರವಿಲ್ಲ. ಕಾಳು ಸೇರಿಸುವ ಮುನ್ನ ಮಸಾಲೆಯನ್ನು ಒಂದು ಚೂರು ನೆಕ್ಕಿ ನೋಡುವುದು ಇದಕ್ಕೇ. ಆಗ ಹೋದರೆ ಎರಡು ಈರುಳ್ಳಿ, ಮೂರು ಟೊಮೆಟೊ ಹೋಗುತ್ತವೆ, ಕಾಳು ಉಳಿಯುತ್ತದೆ.

## ಎತ್ತಿಡುವುದು

ಮಾಡಿದ ಎರಡು ಗಂಟೆಯೊಳಗೆ ಅಗಲ ಡಬ್ಬಿಗೆ ಹಾಕಿ ಫ್ರಿಡ್ಜ್‌ಗೆ ಇಡಿ. ಮೂರು ದಿನ ಇರುತ್ತದೆ, ಎರಡನೇ ದಿನದ ರುಚಿ ಮೊದಲ ದಿನಕ್ಕಿಂತ ಮೇಲು. ಬಿಸಿ ಮಾಡುವಾಗ ಕಾಲು ಕಪ್ ಬಿಸಿ ನೀರು ಬೆರೆಸಿ, ನಡುವೆಯೂ ಕುದಿ ಬರುವವರೆಗೆ ಕಾಯಿಸಿ. ಬರೀ ಬೇಯಿಸಿದ ಕಾಳನ್ನು ಅದರ ನೀರಿನೊಂದಿಗೇ ಫ್ರೀಜರ್‌ನಲ್ಲಿ ಎರಡು ತಿಂಗಳು ಇಡಬಹುದು. ನೀರು ಬಸಿದಿಟ್ಟರೆ ಸಿಪ್ಪೆ ಒಣಗಿ ಬಿರಿಯುತ್ತದೆ. ಒಂದೇ ಸಲಕ್ಕೆ ಎರಡು ಕಪ್ ಬೇಯಿಸಿ ಅರ್ಧ ಎತ್ತಿಟ್ಟುಕೊಂಡರೆ ಮುಂದಿನ ಸಲ ಹಂತ 3ರಿಂದ ಶುರು ಮಾಡಿದರಾಯಿತು. ಕುಕ್ಕರ್ ಅರ್ಧಕ್ಕಿಂತ ಮೇಲೆ ತುಂಬುವುದಾದರೆ ಮಾತ್ರ ಎರಡು ಸಲಕ್ಕೆ ಬೇಯಿಸಿ.